ಬೇಲಿ ಮುಗಿಯದ ಊರು: ಹೊಸ ನೆಲೆಗೆ ಒಂದು ಎನ್‌ಕೌಂಟರ್ ಕಟ್ಟುವ ಬಗೆ

ಒಂದು ಶನಿವಾರ ರಾತ್ರಿ ಊಟದ ಟೇಬಲ್ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಫೋನಿನಲ್ಲಿ ಹೇಳುತ್ತಿದ್ದೆ: "ನಾಳೆ ಎನ್‌ಕೌಂಟರ್ ಜೋರಾಗಿದೆ, ತಪ್ಪಿಸಬೇಡಿ." ಪಕ್ಕದ ಕೋಣೆಯಿಂದ ಮಾವ ಕನ್ನಡಕ ಮೇಲೇರಿಸಿಕೊಂಡು ಬಂದರು. "ಯಾರನ್ನಮ್ಮಾ ಎನ್‌ಕೌಂಟರ್ ಮಾಡೋದು?" ಪೇಪರ್ ಓದಿ ಬೆಳೆದವರಿಗೆ ಆ ಪದ ಅಂದರೆ ಪೊಲೀಸರ ಗುಂಡು. ಗಾಬ್ಲಿನ್‌ಗಳನ್ನ, ಆಟದ ಪುಟಾಣಿ ರಾಕ್ಷಸರನ್ನ ಅಂದೆ. ಸಮಾಧಾನದಿಂದ ವಾಪಸ್ ಹೋದರು.

ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋದು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಅದನ್ನು ಆಡುವವರಿಗೆ ಎನ್‌ಕೌಂಟರ್ ಅಂದರೆ ಎದುರಾಗುವುದು, ಅಷ್ಟೇ. ಹುಲಿಯೂ ಎದುರಾಗಬಹುದು, ಜಗಳಗಂಟ ಅಂಗಡಿಯವನೂ ಎದುರಾಗಬಹುದು. ಹೊಡೆದಾಟ ಆಗಲೇಬೇಕು ಅಂತಿಲ್ಲ. ನಾನು ಶಿವಮೊಗ್ಗದಲ್ಲಿ ಆರು ವರ್ಷದಿಂದ ಡಿಎಂ (ಡಂಜನ್ ಮಾಸ್ಟರ್, ಕಥೆ ಹೇಳಿ ಶತ್ರುಗಳನ್ನು ಆಡಿಸುವವರು) ಆಗಿ ಆಟ ನಡೆಸುತ್ತಿದ್ದೇನೆ. ಆಡುವವರು ನಾಲ್ಕು ಜನ: ನನ್ನ ಮಗಳು, ಮೈದುನ, ಆಫೀಸಿನ ಗೆಳತಿ, ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ. ನಮ್ಮದು 2014ರ ಐದನೇ ಆವೃತ್ತಿಯ ನಿಯಮ. 2024ರ ಹೊಸ ಪುಸ್ತಕ ಇಟ್ಟುಕೊಂಡವರಿಗೆ ಲೆಕ್ಕ ಸ್ವಲ್ಪ ಬೇರೆ ಬರುತ್ತದೆ. ನಾನು ಹೇಳುವ ವಿಷಯಕ್ಕೆ ಅದರಿಂದ ತೊಂದರೆ ಇಲ್ಲ.

ಮೊದಲು ನನ್ನ ಎಡವಟ್ಟು ಕೇಳಿ. ಮೊದಲ ಸಲ ಒಂದು ಹೊಸ ಊರಿನ ಮೇಲೆ ದಾಳಿ ಮಾಡಿಸಿದಾಗ ಹತ್ತು ಗಾಬ್ಲಿನ್ ಬಿಟ್ಟೆ. ಏಳು ಏಳು ಹಿಟ್ ಪಾಯಿಂಟಿನ (ಏಟು ಬಿದ್ದಂತೆ ಇಳಿಯುವ ಜೀವದ ಅಂಕ, ಸೊನ್ನೆಯಾದರೆ ಬಿದ್ದ ಹಾಗೆ) ಪುಟಾಣಿಗಳು, ಏನ್ ಮಹಾ ಅಂದುಕೊಂಡೆ. ಶತ್ರುವನ್ನು ಸೋಲಿಸಿದರೆ ಸಿಗುವ ಅನುಭವದ ಅಂಕಕ್ಕೆ ಎಕ್ಸ್‌ಪಿ ಅನ್ನುತ್ತಾರೆ, ಕಾಳಗ ಎಷ್ಟು ಕಷ್ಟ ಅಂತ ಅಳೆಯುವುದೂ ಅದರಿಂದಲೇ. ಒಂದು ಗಾಬ್ಲಿನ್‌ಗೆ 50 ಎಕ್ಸ್‌ಪಿ, ಹತ್ತಕ್ಕೆ 500. ಆದರೆ ಏಳರಿಂದ ಹತ್ತು ಶತ್ರುಗಳು ಒಟ್ಟಿಗೆ ಬಂದರೆ ಅದನ್ನು ಎರಡೂವರೆಯಿಂದ ಗುಣಿಸಬೇಕು, 1250 ಆಗುತ್ತದೆ. ಮೊದಲ ಲೆವೆಲ್‌ನ, ಅಂದರೆ ಇನ್ನೂ ಹೊಸಬರಾದ ನಾಲ್ವರಿಗೆ 400 ದಾಟಿದರೇ ಪ್ರಾಣಕ್ಕೆ ಸಂಚಕಾರ. ಗುಣಿಸೋದನ್ನ ಮರೆತಿದ್ದೆ. ಎರಡನೇ ರೌಂಡಿಗೆ (ಎಲ್ಲರ ಸರದಿ ಒಂದು ಸುತ್ತು ಮುಗಿದರೆ ಒಂದು ರೌಂಡ್) ಗುಂಪಿನ ಮಂತ್ರವಾದಿ ವಿಜಾರ್ಡ್ ಮಲಗಿದ. ನಾಲ್ಕನೇ ರೌಂಡಿಗೆ ಎಲ್ಲರೂ ಕಾಡಿಗೆ ಓಡಿದರು.

ಅದಕ್ಕಿಂತ ಬೇಜಾರಾಗಿದ್ದು ಆಮೇಲೆ. ಆಟ ಮುಗಿಸಿ ಚಹಾ ಕುಡಿಯುವಾಗ ಮಗಳು ಕೇಳಿದಳು, "ಅಮ್ಮಾ, ಆ ಊರಿನ ಹೆಸರೇನು?" ಯಾರಿಗೂ ನೆನಪಿರಲಿಲ್ಲ. ನನಗೂ! ಅಲ್ಲಿ ಊರು ಅನ್ನೋದು ನಾಟಕದ ಪರದೆ ಥರ ಹಿಂದೆ ತೂಗಾಡುತ್ತಿತ್ತು. ಪರದೆ ಬದಲಿಸಿ ಕಾಡೋ ಗುಹೆಯೋ ಹಾಕಿದ್ದರೂ ಅದೇ ಹೊಡೆದಾಟ, ಅದೇ ಓಟ.

ದಾರಿ ತೋರಿಸಿದ್ದು ನಮ್ಮಜ್ಜಿಯ ಮಾತು. ಅಜ್ಜಿಯದು ಶರಾವತಿ ಪಕ್ಕದ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯುವ ಹೊತ್ತಿಗೆ ಮುಳುಗಡೆಯಾಗಿ, ಬಾಗಿಲು, ಪಕಾಸಿ, ಹಂಚು ಬಿಚ್ಚಿಕೊಂಡು ಹೊಸ ಜಾಗಕ್ಕೆ ಬಂದವರು. ಆ ಹೊಸ ಜಾಗ ಹೇಗಿತ್ತಜ್ಜಿ ಅಂತ ಕೇಳಿದರೆ ಅಲ್ಲಿ ಏನಿತ್ತು ಅಂತ ಅವರು ಯಾವತ್ತೂ ಹೇಳಿದ್ದಿಲ್ಲ. ಏನಿರಲಿಲ್ಲ ಅಂತಲೇ ಶುರು. ಬಾವಿ ಇರಲಿಲ್ಲ. ದನಕ್ಕೆ ಕೊಟ್ಟಿಗೆ ಇರಲಿಲ್ಲ. ಕತ್ತಲಾದ ಮೇಲೆ ಯಾವ ಶಬ್ದ ಯಾವುದರದ್ದು ಅಂತ ಗೊತ್ತಾಗುತ್ತಿರಲಿಲ್ಲ. ಚೌಡಿಗೆ ಕಲ್ಲು ಇಟ್ಟಿರಲಿಲ್ಲ, ಹಾಗಾಗಿ ಮೊದಲ ವಾರ ಸರಿಯಾಗಿ ನಿದ್ದೆಯೇ ಬರಲಿಲ್ಲವಂತೆ. ಮರದ ಬುಡದಲ್ಲಿ ಕಲ್ಲು ನಿಲ್ಲಿಸಿ ಕಾಯಿ ಒಡೆದ ಮೇಲೇನೇ ಅದು ಊರು ಅನ್ನಿಸಿದ್ದು.

ಹೊಸ ಊರಿಗೆ ಎನ್‌ಕೌಂಟರ್ ಬರೆಯುವವರು ಮಾಡಬೇಕಾದ ಮೊದಲ ಕೆಲಸ ಇದೇ. ಶತ್ರು ಯಾರು ಅಂತ ಮೊದಲೇ ಯೋಚಿಸಬೇಡಿ. ಊರಲ್ಲಿ ಇನ್ನೂ ಏನೇನಿಲ್ಲ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಹಳೇ ಊರಿಗೆ ಕೋಟೆ, ಕಾವಲು, ಬಾವಿ, ಪಕ್ಕದೂರಿನ ನೆಂಟರು ಎಲ್ಲ ಇರುತ್ತಾರೆ. ಹೊಸ ಊರಲ್ಲಿ ಎಲ್ಲವೂ ಅರ್ಧಂಬರ್ಧ. ಮಜಾ ಇರುವುದೇ ಆ ಅರ್ಧದಲ್ಲಿ.

ನನ್ನ ಎರಡನೇ ಊರಿಗೆ ಹೊಸಮಕ್ಕಿ ಅಂತ ಹೆಸರಿಟ್ಟೆ. ಈ ಸಲ ಯಾರೂ ಮರೆಯಬಾರದು ಅಂತ ನಾಲಿಗೆಗೆ ಸಿಗುವ ಹೆಸರು. ಏಳು ಮನೆ, ಮೂವತ್ತೊಂದು ಜನ, ಊರಿಗೆ ಮೂರು ತಿಂಗಳು ವಯಸ್ಸು. ಹಾಳೆಯಲ್ಲಿ ಬರೆದದ್ದು: ಬೇಲಿ ಮೂರು ಕಡೆ ಮಾತ್ರ ಆಗಿದೆ, ಕಾಡಿನ ಕಡೆ ಬಾಯಿ ತೆರೆದುಕೊಂಡಿದೆ. ಬಾವಿ ಇಪ್ಪತ್ತು ಅಡಿ ತೋಡಿದ್ದಾರೆ, ನೀರು ಬಂದಿಲ್ಲ. ಮಾಡಿಗೆ ಹಂಚಿಲ್ಲ, ಒಣ ಸೋಗೆ ಹೊದಿಸಿದ್ದಾರೆ. ಮುಂಗಾರಿಗೆ ಹತ್ತು ದಿನ ಇದೆ. ಬಿತ್ತೋಕೆ ಆರು ಮುಡಿ ಬೀಜದ ಭತ್ತ ಇದೆ, ಅದು ಹೋದರೆ ಬೇರೆ ಇಲ್ಲ. ಮುಡಿ ಗೊತ್ತಿಲ್ಲದ ಬಯಲುಸೀಮೆಯವರಿಗೆ: ಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಚೆಂಡಿನ ಹಾಗೆ ಕಟ್ಟಿದ ಧಾನ್ಯದ ಮೂಟೆ.

ಇಷ್ಟು ಬರೆದ ಮೇಲೆ ಎನ್‌ಕೌಂಟರ್ ತಾನಾಗೇ ಎದ್ದು ನಿಲ್ಲುತ್ತದೆ. ಗಾಬ್ಲಿನ್‌ಗಳು ಕೊಲ್ಲೋಕೆ ಬರುವುದಿಲ್ಲ, ಮುಡಿ ಹೊತ್ತುಕೊಂಡು ಹೋಗೋಕೆ ಬರುತ್ತವೆ. ಬೇಲಿ ಇಲ್ಲದ ಕಡೆಯಿಂದ ಬರುತ್ತವೆ. ಗಮನ ಬೇರೆ ಕಡೆ ಸೆಳೆಯಲು ಸೋಗೆಗೆ ಬೆಂಕಿ ಇಡುತ್ತವೆ. ಆರಿಸೋಕೆ ಬಾವಿಯಲ್ಲಿ ನೀರಿಲ್ಲ.

ಆಟಗಾರರು ಕಳೆದುಕೊಳ್ಳಬಹುದಾದ ವಸ್ತು ಹಿಟ್ ಪಾಯಿಂಟ್ ಒಂದೇ ಆಗಿರಬಾರದು. ಹಿಟ್ ಪಾಯಿಂಟ್ ಬೆಳಿಗ್ಗೆ ಎದ್ದರೆ ವಾಪಸ್ ಬರುತ್ತದೆ. ಮುಡಿ ಬರಲ್ಲ. ಅದು ಕಣ್ಣಿಗೆ ಕಾಣಬೇಕು, ಎಣಿಸೋಕೆ ಸಿಗಬೇಕು. ನಾನು ಹಾಳೆಯ ಮೇಲೆ ಆರು ಅಡಿಕೆ ಇಟ್ಟೆ. ಗಾಬ್ಲಿನ್‌ಗಳಿಗೆ ಹುಣಸೆ ಬೀಜ, ಆಟಗಾರರಿಗೆ ಚೆಸ್ ಕಾಯಿ. ಹುಣಸೆ ಬೀಜ ಎರಡು ಸೇರಿ ಒಂದು ಅಡಿಕೆಯನ್ನು ತಳ್ಳಿಕೊಂಡು ಬೇಲಿಯ ಕಡೆ ಹೊರಟಾಗ ಮೈದುನ ಕುರ್ಚಿಯಿಂದ ಎದ್ದು ನಿಂತಿದ್ದ.

ಈಗ ದೂರದ ಲೆಕ್ಕ. ಇದನ್ನು ಹಗುರವಾಗಿ ತಗೋಬೇಡಿ, ರೋಚಕತೆ ಇರುವುದೇ ಇಲ್ಲಿ. ಒಂದು ಚೌಕ ಐದು ಅಡಿ. ಕಣಜದಿಂದ ಬೇಲಿಯ ಬಾಯಿಗೆ ಹನ್ನೆರಡು ಚೌಕ, ಅಂದರೆ ಅರವತ್ತು ಅಡಿ. ಗಾಬ್ಲಿನ್ ಒಂದು ರೌಂಡಿಗೆ ಮೂವತ್ತು ಅಡಿ ನಡೆಯುತ್ತದೆ. ಮುಡಿ ಹೊರಲು ಇಬ್ಬರು ಬೇಕು, ಹೊತ್ತಾಗ ಅರ್ಧ ವೇಗ, ಓಡುವ ಹಾಗಿಲ್ಲ ಅಂತ ನಾನೇ ನಿಯಮ ಮಾಡಿದೆ. ಹಾಗಾಗಿ ಒಂದು ಮುಡಿ ಹೊರಗೆ ಹೋಗಲು ನಾಲ್ಕು ರೌಂಡ್. ಆಟಗಾರರು ಮಲಗಿರುವ ಮನೆಯಿಂದ ಕಣಜಕ್ಕೆ ತೊಂಬತ್ತು ಅಡಿ. ನಡೆದರೆ ಮೂರು ರೌಂಡ್, ಓಡಿದರೆ ಎರಡು. ಅಂದರೆ ತಲುಪಬಹುದು, ಆದರೆ ದಾರಿಯಲ್ಲಿ ಬೇರೆ ಯಾವುದಕ್ಕೂ ನಿಲ್ಲುವ ಹಾಗಿಲ್ಲ. ಹಾಗಾಗಿ ದಾರಿಯಲ್ಲೇ ಬೆಂಕಿ ಇಡಿ.

ಗಾಬ್ಲಿನ್‌ಗಳಿಗೆ ಒಂದು ಕಳ್ಳ ವಿದ್ಯೆ ಇದೆ. ಏಟು ತಿನ್ನದೆ ಪಕ್ಕದಿಂದ ಜಾರಿಕೊಳ್ಳುವುದನ್ನೋ ಅಡಗಿಕೊಳ್ಳುವುದನ್ನೋ ಬೋನಸ್ ಆಕ್ಷನ್‌ನಲ್ಲೇ, ಅಂದರೆ ಸರದಿಯ ಮುಖ್ಯ ಕೆಲಸದ ಜೊತೆ ಸಿಗುವ ಪುಟ್ಟ ಹೆಚ್ಚುವರಿ ಕೆಲಸವಾಗಿ ಮಾಡುತ್ತವೆ. ಎಷ್ಟೋ ಡಿಎಂಗಳು ಇದನ್ನು ಬಳಸುವುದೇ ಇಲ್ಲ, ಸುಮ್ನೆ ಸಾಲಾಗಿ ನಿಲ್ಲಿಸಿ ಹೊಡೆಸುತ್ತಾರೆ. ಕಳ್ಳತನದ ಎನ್‌ಕೌಂಟರ್‌ಗೆ ಇದಕ್ಕಿಂತ ಒಳ್ಳೇ ಪ್ರಾಣಿ ಸಿಗಲ್ಲ.

ಈ ಸಲ ಸಂಖ್ಯೆ ಸರಿ ಮಾಡಿದೆ. ನಾಲ್ವರೂ ಎರಡನೇ ಲೆವೆಲ್. ಆರು ಗಾಬ್ಲಿನ್ ಅಂದರೆ 300, ಮೂರರಿಂದ ಆರರವರೆಗೆ ಎರಡರಿಂದ ಗುಣಿಸಬೇಕು, 600. ನಾಲ್ವರಿಗೆ ಕಷ್ಟ ಅನ್ನುವ ಗೆರೆಯೂ 600ಕ್ಕೇ. ಎರಡು ತೋಳ ಸೇರಿಸೋಣ ಅನ್ನಿಸಿತು. ತೋಳಕ್ಕೂ 50, ಒಟ್ಟು 400, ಎಂಟು ಪ್ರಾಣಿ ಆದ್ದರಿಂದ ಎರಡೂವರೆಯಿಂದ ಗುಣಿಸಿದರೆ 1000. ಇವರಿಗೆ 800 ದಾಟಿದರೆ ಯಾರಾದರೂ ಸಾಯಬಹುದು. ತೋಳವನ್ನು ಕಾಡಿನಲ್ಲಿ ಊಳಿಡಲು ಮಾತ್ರ ಬಿಟ್ಟೆ. ಬೆಂಕಿ, ಮುಡಿ, ಊರ ಜನ ಇಷ್ಟೆಲ್ಲ ತಲೆನೋವು ಇರುವಾಗ ಶತ್ರು ಕಡಿಮೆ ಇದ್ದರೇ ಒಳ್ಳೇದು.

ಊರ ಜನರ ವಿಷಯ. ಮೂವತ್ತೊಂದು ಜನರಿಗೂ ಹೆಸರು, ಕಥೆ ಬರೆಯಲು ಕೂರಬೇಡಿ. ನಾನು ಕೂತಿದ್ದೆ, ಎರಡು ಸಂಜೆ ಹಾಳಾಯಿತು, ಒಂದೂ ಬಳಕೆಗೆ ಬರಲಿಲ್ಲ. ಮೂರೇ ಜನ ಸಾಕು. ಒಬ್ಬೊಬ್ಬರಿಗೂ ಊರಿನ ಒಂದೊಂದು ಕೊರತೆಯ ಜೊತೆ ಗಂಟು ಹಾಕಿ. ಗಂಗಕ್ಕನ ಸೊಂಟದಲ್ಲಿ ಕಣಜದ ಬೀಗದ ಕೈ, ಯಾರನ್ನೂ ನಂಬಲ್ಲ. ಬಡಗಿ ಈರಣ್ಣ ಮೊಳೆ ಮುಗಿಯಿತು ಅಂತ ನಾಲ್ಕನೇ ಬದಿಯ ಬೇಲಿ ಅರ್ಧಕ್ಕೆ ಬಿಟ್ಟಿದ್ದಾನೆ, ಕೇಳಿದವರ ಮೇಲೆ ರೇಗುತ್ತಾನೆ. ಕಾವಲಿಗೆ ಕೂತ ಪುಟ್ಟನಿಗೆ ಹದಿಮೂರು ವರ್ಷ, ಬೆಳಿಗ್ಗೆಯಿಂದ ಬಾವಿಯ ಮಣ್ಣು ಹೊತ್ತು ಸುಸ್ತಾಗಿದ್ದಾನೆ. ಅವನು ನಿದ್ದೆ ಹೋಗುತ್ತಾನೆ ಅಂತ ನಾನು ಹೇಳಬೇಕಾಗಿಯೇ ಬರಲಿಲ್ಲ, ಗೆಳತಿ ಮೊದಲೇ ಗುರುತಿಸಿ "ಇವನ ಜೊತೆ ನಾನೂ ಕೂರುತ್ತೇನೆ" ಅಂದಳು. ಸರಿ, ಹಾಗಾದರೆ ಗಾಬ್ಲಿನ್‌ಗಳು ಬಂದದ್ದು ಒಂದು ರೌಂಡ್ ಮೊದಲೇ ಗೊತ್ತಾಗಲಿ. ಜಾಣತನಕ್ಕೆ ಇಷ್ಟಾದರೂ ಬೆಲೆ ಕೊಡಬೇಕಲ್ವಾ?

ಒಂದು ಎಚ್ಚರಿಕೆ. ಸಾಮಾನ್ಯ ಊರವನಿಗೆ ನಾಲ್ಕೇ ಹಿಟ್ ಪಾಯಿಂಟ್. ಗಾಬ್ಲಿನ್ ಕತ್ತಿಗೆ ಆರು ಮುಖದ ದಾಳ, ಅದಕ್ಕೆ ಎರಡು ಕೂಡಿಸಬೇಕು. ಅಂದರೆ ಏಟು ಬಿದ್ದರೆ ಆರರಲ್ಲಿ ಐದು ಸಲ ಊರವನು ಹೋದ ಹಾಗೆ. ಊರವರನ್ನು ಗಾಬ್ಲಿನ್ ಎದುರು ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಸ್ಮಶಾನ. ಅವರ ಕೈಗೆ ಕತ್ತಿ ಕೊಡಬೇಡಿ, ಕೊಡ ಕೊಡಿ, ಗಾಡಿ ತಳ್ಳಿಸಿ. ಬೇಲಿಯ ಬಾಯಿಗೆ ಎತ್ತಿನ ಗಾಡಿ ಅಡ್ಡ ತಳ್ಳಲು ಬಲದ ಪರೀಕ್ಷೆ 15 ಇಟ್ಟಿದ್ದೆ (ಇಪ್ಪತ್ತು ಮುಖದ ದಾಳಕ್ಕೆ ಪಾತ್ರದ ಬಲ ಕೂಡಿಸಿ ಅಷ್ಟು ಬರಬೇಕು), ಇಬ್ಬರು ಊರವರು ಕೈ ಹಾಕಿದರೆ ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ನೀರು ಎರಡೇ ಹಂಡೆ ಇತ್ತು, ಒಂದು ಹಂಡೆಗೆ ಒಂದು ಮಾಡಿನ ಬೆಂಕಿ ಆರುತ್ತದೆ. ಹೆಚ್ಚು ಬೇಕಂದರೆ ಬೇಲಿ ಇಲ್ಲದ ಕಡೆಯ ಹಳ್ಳಕ್ಕೇ ಹೋಗಬೇಕು, ಗಾಬ್ಲಿನ್‌ಗಳ ನಡುವೆ.

ರೌಂಡುಗಳನ್ನು ನಾನು ಹೀಗೆ ಬರೆದುಕೊಂಡಿದ್ದೆ. ಮೊದಲ ರೌಂಡ್: ನಾಯಿ ಬೊಗಳುತ್ತದೆ, ಥಟ್ಟನೆ ನಿಲ್ಲುತ್ತದೆ. ಎರಡು: ಇಬ್ಬರು ಗಂಗಕ್ಕನ ಮಾಡಿಗೆ ಪಂಜು ಎಸೆಯುತ್ತಾರೆ, ನಾಲ್ವರು ಕಣಜದ ತಟ್ಟಿ ಕೊಯ್ಯುತ್ತಾರೆ. ಮೂರು: ಎರಡು ಮುಡಿ ಹೊರಡುತ್ತವೆ. ನಾಲ್ಕು: ಆರಿಸದಿದ್ದರೆ ಬೆಂಕಿ ಪಕ್ಕದ ಮಾಡಿಗೆ ಹಾರುತ್ತದೆ. ಆರು: ಮುಡಿ ಬೇಲಿ ದಾಟುತ್ತದೆ. ಮೂರು ಗಾಬ್ಲಿನ್ ಬಿದ್ದರೆ ಅಥವಾ ಎರಡು ಮುಡಿ ದಾಟಿದರೆ ಉಳಿದವು ಓಡುತ್ತವೆ. ಅವು ಸಾಯೋಕೆ ಬಂದವಲ್ಲ. ಕೊನೆಯ ಗಾಬ್ಲಿನ್ ಸಾಯುವವರೆಗೂ ದಾಳ ಉರುಳಿಸುವ ಅರ್ಧ ಗಂಟೆ ಇದೆಯಲ್ಲ, ಅಷ್ಟು ಬೋರು ಬೇರೆ ಯಾವುದೂ ಇಲ್ಲ.

ರಾತ್ರಿ ದಾಳಿ ಇಟ್ಟರೆ ಕವಚದ ನಿಯಮ ನೆನಪಿರಲಿ. ಭಾರಿ ಕವಚ ತೊಡಲು ಹತ್ತು ನಿಮಿಷ ಬೇಕು. ಒಂದು ರೌಂಡಿಗೆ ಆರು ಸೆಕೆಂಡ್, ಅಂದರೆ ನೂರು ರೌಂಡ್. ಮೈದುನನ ಪಾತ್ರ ಪ್ಯಾಲಡಿನ್, ಅಂದರೆ ಧರ್ಮಯೋಧ. ಅವನು ಇಡೀ ಕಾಳಗವನ್ನು ಪಂಚೆಯಲ್ಲೇ ಮಾಡಿದ. ಆದರೆ ಮಲಗುವ ಮುಂಚೆಯೇ ಕೇಳಬೇಕು: "ಕವಚ ಬಿಚ್ಚುತ್ತೀಯಾ?" ಕೇಳದೆ ಮಾಡಿದರೆ ಮೋಸ ಅನ್ನಿಸುತ್ತದೆ. ಕೇಳಿದರೆ ತಪ್ಪು ಅವನದೇ.

ಇನ್ನೊಂದು ಪದರ ಸೇರಿಸಿದೆ, ಅದು ಅಜ್ಜಿಯ ಚೌಡಿ ಕಲ್ಲಿನಿಂದ ಬಂದದ್ದು. ಹೊಸಬರು ಬಂದ ಜಾಗ ಖಾಲಿ ಅಂತ ಅವರು ಅಂದುಕೊಂಡಿರುತ್ತಾರೆ. ಅಲ್ಲಿ ಮೊದಲಿದ್ದವರು ಯಾರು? ಈರಣ್ಣ ಬೇಲಿ ಹಾಕುವಾಗ ಒಂದು ಚಪ್ಪಟೆ ಕಲ್ಲು ಕಿತ್ತು ತಂದು ಗಂಗಕ್ಕನ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಮಾಡಿದ್ದಾನೆ. ಅದು ಗಾಬ್ಲಿನ್‌ಗಳ ಗಡಿಕಲ್ಲು. ಬೇಲಿ ಬೇರೆ ಅವು ಹಳ್ಳಕ್ಕೆ ಹೋಗುವ ದಾರಿಗೇ ಅಡ್ಡ ಬಂದಿದೆ. ಇಂಥ ಗುಟ್ಟಿಗೆ ಒಂದೇ ಸುಳಿವು ಕೊಟ್ಟರೆ ಖಂಡಿತ ತಪ್ಪಿಹೋಗುತ್ತದೆ. ನಾನು ಮೂರು ಕೊಟ್ಟೆ. ಸಂಜೆ ಗಂಗಕ್ಕ "ಈ ಕಲ್ಲಿನ ಕೆಂಪು ಎಷ್ಟು ಉಜ್ಜಿದರೂ ಹೋಗಲ್ಲ" ಅಂತ ಬೈಯುತ್ತಾಳೆ. ಕಾಳಗದಲ್ಲಿ ಒಂದು ಗಾಬ್ಲಿನ್ ಮುಡಿ ಬಿಟ್ಟು ಆ ಕಲ್ಲಿನ ಕಡೆ ಓಡುತ್ತದೆ. ಸತ್ತ ಗಾಬ್ಲಿನ್ ಹಣೆಯ ಮೇಲೆ ಅದೇ ಕೆಂಪು ಗೆರೆ. ಮೂರನೆಯದಕ್ಕೆ ಮಗಳಿಗೆ ಹೊಳೆಯಿತು. "ಅಮ್ಮಾ, ನಾವೇ ಕಳ್ಳರಾ?" ಅಂದಳು.

ಮಾತುಕತೆಗೆ ಇಳಿದರೆ ಏನು ಮಾಡುವುದು? ಆಟದ ಹಳೇ ಆವೃತ್ತಿಗಳಲ್ಲಿ ಒಂದು ಚಂದದ ಪದ್ಧತಿ ಇತ್ತು. ಎದುರಾದ ಪ್ರಾಣಿಯ ಮನಸ್ಸು ಹೇಗಿದೆ ಅಂತ ನೋಡಲು ಆರು ಮುಖದ ದಾಳ ಎರಡು ಹಾಕುತ್ತಿದ್ದರು. ಎರಡು ಬಂದರೆ ಮೇಲೆ ಬೀಳುತ್ತದೆ, ಹನ್ನೆರಡು ಬಂದರೆ ಸ್ನೇಹ, ನಡುವೆ ಅನುಮಾನ. ನಾನು ಇದನ್ನು ಇವತ್ತಿಗೂ ಬಳಸುತ್ತೇನೆ. ಸೆರೆ ಸಿಕ್ಕ ಗಾಬ್ಲಿನ್ ಜೊತೆ ಮಾತಾಡುವಾಗ, ಕಲ್ಲು ವಾಪಸ್ ಕೊಡುತ್ತೇವೆ ಅಂದರೆ ಎರಡು ಕೂಡಿಸುವುದು ಅಂತ ಬರೆದಿಟ್ಟಿದ್ದೆ.

ಆಟದ ದಿನ ನಡೆದದ್ದೇ ಬೇರೆ. ಊರಲ್ಲಿ ಕಂಚಿ ಅಂತ ಒಂದು ಎಮ್ಮೆ ಇದೆ ಅಂತ ಸಂಜೆ ಸುಮ್ನೆ ಬಾಯಿಗೆ ಬಂದಂತೆ ಹೇಳಿದ್ದೆ. ಕೊಟ್ಟಿಗೆ ಇಲ್ಲದ್ದರಿಂದ ಗಂಗಕ್ಕನ ಮನೆ ಗೋಡೆಗೆ ಕಟ್ಟಿದ್ದಾರೆ ಅಂತಲೂ ಸೇರಿಸಿದ್ದೆ. ಮಾಡಿಗೆ ಬೆಂಕಿ ಬಿತ್ತು. ಪಕ್ಕದ ಮನೆ ಹುಡುಗನ ರೋಗ್ (ಚಾಲಾಕಿ ಕಳ್ಳನ ಪಾತ್ರ), ಊರಿನ ಏಕೈಕ ಒಳ್ಳೇ ಬಿಲ್ಲುಗಾರ, ಮುಡಿ ಕಡೆ ತಿರುಗಿಯೂ ನೋಡದೆ ಎಮ್ಮೆ ಬಿಚ್ಚಲು ಓಡಿದ. ಹಗ್ಗ ಬಿಚ್ಚಲು ಒಂದು ರೌಂಡ್, ಎಮ್ಮೆ ಕದಲಲು ಇನ್ನೊಂದು, ಎಳೆಯಲು ಮತ್ತೊಂದು. ಎಲ್ಲರೂ ಅವನಿಗೆ ಬೈಯುತ್ತಿದ್ದಾರೆ, ಅವನು "ಅಕ್ಕಾ, ಅದು ಗಬ್ಬ ಆಗಿದೆಯಾ?" ಅಂತ ನನ್ನನ್ನು ಕೇಳುತ್ತಿದ್ದಾನೆ. ಆಗಿದೆ ಅಂದೆ. ಇಂಥ ಪ್ರಶ್ನೆಗೆ ಯಾವಾಗಲೂ ಹೌದು ಅನ್ನಿ. ನೀವು ಬರೆದ ಮೂವರಿಗಿಂತ ಆಟಗಾರರು ತಾವೇ ಹುಡುಕಿಕೊಂಡ ನಾಲ್ಕನೆಯ ಜೀವಕ್ಕೇ ಜಾಸ್ತಿ ಬಡಿದಾಡುತ್ತಾರೆ. ಅದಕ್ಕೆ ಜಾಗ ಬಿಟ್ಟಿರಿ.

ಗಾಡಿ ತಳ್ಳುವ ದಾಳ ಮೊದಲ ಸಲ 9, ಎರಡನೇ ಸಲ 17. ಅಷ್ಟರಲ್ಲಿ ಒಂದು ಮುಡಿ ದಾಟಿ ಹೋಗಿತ್ತು. ಮೂರು ಗಾಬ್ಲಿನ್ ಬಿದ್ದವು, ಅದರಲ್ಲಿ ಒಂದನ್ನು ಮಗಳು ಬಡಿದು ಪ್ರಜ್ಞೆ ತಪ್ಪಿಸಿದ್ದಳಷ್ಟೇ. ಐದನೇ ಆವೃತ್ತಿಯಲ್ಲಿ ಹತ್ತಿರದಿಂದ ಕೊನೇ ಏಟು ಹೊಡೆದವರು ಕೊಲ್ಲದೆ ಕೆಡವಬಹುದು. ಇದನ್ನು ಆಟಕ್ಕೆ ಮುಂಚೆ ಎಲ್ಲರಿಗೂ ಒಮ್ಮೆ ನೆನಪಿಸಿ, ಇಲ್ಲದಿದ್ದರೆ ಮಾತಾಡಲು ಯಾರೂ ಉಳಿಯಲ್ಲ. ಎಚ್ಚರಾದ ಗಾಬ್ಲಿನ್ ಮುಂದೆ ದಾಳ ಹಾಕಿದೆ: 7, ಕಲ್ಲಿಗೆ ಎರಡು ಸೇರಿ 9. ಕಲ್ಲು ವಾಪಸ್ ನೆಟ್ಟರೆ ಮುಡಿ ವಾಪಸ್ ಬರುತ್ತದೆ, ಆದರೆ ಹಳ್ಳದ ದಾರಿ ಮುಚ್ಚಬಾರದು ಅಂತ ಒಪ್ಪಂದ ಆಯಿತು. ಈರಣ್ಣ ಒಪ್ಪಲಿಲ್ಲ. ಅವನನ್ನು ಒಪ್ಪಿಸಲು ಮತ್ತೆ ಇಪ್ಪತ್ತು ನಿಮಿಷ, ಅದೂ ಒಂದು ಎನ್‌ಕೌಂಟರೇ.

ಕಾಳಗ ಮುಗಿದ ಕೂಡಲೇ ಹಾಳೆ ಮಡಚಬೇಡಿ. ಕೊನೆಯ ಹತ್ತು ನಿಮಿಷ ಬೆಳಗಾದ ಮೇಲಿನ ಊರಿಗೆ ಇಡಿ. ಒಬ್ಬೊಬ್ಬರನ್ನೂ ಕೇಳಿ: ಇವತ್ತು ಊರಲ್ಲಿ ಮೊದಲು ಏನು ಕಟ್ಟುತ್ತೀರಿ? ಅವರು ಹೇಳಿದ್ದನ್ನು ಅವರ ಕಣ್ಣೆದುರೇ ನಕ್ಷೆಯಲ್ಲಿ ಬರೆಯಿರಿ. ಗೆಳತಿ ಬಾವಿ ಅಂದಳು. ಮೈದುನ ಹಂಚು ಅಂದ. ಮಗಳು ಬೇಲಿಯ ಬಾಯಿಗೆ ದಣಪೆ ಹಾಕಿಸಿದಳು, ಗಾಬ್ಲಿನ್‌ಗಳು ಗಳ ಸರಿಸಿಕೊಂಡು ಬರಲಿ, ದನ ಮಾತ್ರ ಹೊರಗೆ ಹೋಗದಿರಲಿ ಅಂತ. ಪಕ್ಕದ ಮನೆ ಹುಡುಗ ನನ್ನ ಕೈಯಿಂದ ಪೆನ್ಸಿಲ್ ತಗೊಂಡು ಗಂಗಕ್ಕನ ಮನೆಯಿಂದ ಆರು ಚೌಕ ದೂರದಲ್ಲಿ, ಯಾವ ಮಾಡಿನ ಕಿಡಿಯೂ ತಾಗದ ಹಾಗೆ, ಕಂಚಿಗೆ ಕೊಟ್ಟಿಗೆ ಬರೆದ. ಬಾಗಿಲು ಯಾವ ಕಡೆ ಇಡಬೇಕು ಅಂತ ಮಾವನವರನ್ನು ಕೇಳಿ ಬಂದ.